ವಿದೇಶದಲ್ಲಿ ಲಾರಿ ಓಡಿಸಲು ಹೊರಡುವ ಮುನ್ನ
ಕಾರವಾರ, ಅಂಕೋಲಾ ಕಡೆಯ ಲಾರಿ ಚಾಲಕರು ವಿದೇಶದ ಕೆಲಸ ಹುಡುಕುವಾಗ ಗಮನಿಸಬೇಕಾದ ಸಂಗತಿಯೆಂದರೆ, ಆರ್‌ಟಿಓ ಕಚೇರಿಯಲ್ಲಿ ಒಂದು ವರ್ಷದ ಅವಧಿಗೆ ಸಿಗುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯು ಪ್ರವಾಸ ಹೋದವರಿಗೆ ಅನುಕೂಲವೇ ಹೊರತು, ಅದೊಂದನ್ನೇ ನಂಬಿ ಸಂಬಳಕ್ಕೆ ಲಾರಿ ಓಡಿಸಲಾಗದು. ದುಬೈಯಲ್ಲಿ ಅಲ್ಲಿಯದೇ ಹೆವಿ ಲೈಸೆನ್ಸ್ ಪಡೆಯಬೇಕು. ಯುರೋಪಿನ ಒಕ್ಕೂಟದ ದೇಶಗಳಲ್ಲಿ ಟ್ರೇಲರ್ ಇಲ್ಲದ ದೊಡ್ಡ ಲಾರಿಗೆ ಸಿ ವರ್ಗದ ಲೈಸೆನ್ಸಿನ ಜತೆಗೆ ವೃತ್ತಿ ಅರ್ಹತೆಯನ್ನು ಸೂಚಿಸುವ 95 ಎಂಬ ಸಂಕೇತವೂ ಬೇಕಾಗುತ್ತದೆ.

ಏಜೆಂಟರ ನೋಂದಣಿಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ತಪ್ಪದೇ ಪರಿಶೀಲಿಸಿರಿ. ಅವರು ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ ಮಾತ್ರ. ಬಸ್ ನಿಲ್ದಾಣದ ಬಳಿಯ ಚಹಾದಂಗಡಿಯಲ್ಲಿ ನನಗೆ ಒಂದೂವರೆ ಲಕ್ಷ ಕೇಳಿದವನೊಬ್ಬ, ರಸೀದಿಯ ಮಾತೆತ್ತಿದೊಡನೆ ಅರ್ಧ ಕುಡಿದ ಚಹಾ ಬಿಟ್ಟು ಎದ್ದುಹೋದ.