ಒಂದೇ ಊರಿನ ಎರಡು ನಕ್ಷೆಗಳು

ದಾವಣಗೆರೆಯ ಒಂದು ಪದವಿ ಕಾಲೇಜಿನಲ್ಲಿ ಹನ್ನೊಂದು ವರ್ಷಗಳಿಂದ ಸಮಾಜಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಮೊದಲ ಮೂರು ವರ್ಷ ನಾನು ಮಾಡಿದ್ದೆಲ್ಲ ಟಿಪ್ಪಣಿ ಬರೆಸುವ ಕೆಲಸ. ಜಾತಿಯ ಲಕ್ಷಣಗಳು ಇಷ್ಟು, ಕುಟುಂಬದ ಕಾರ್ಯಗಳು ಇಷ್ಟು ಎಂದು ನಾನು ಹೇಳುತ್ತಿದ್ದೆ, ಮಕ್ಕಳು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಅದನ್ನೇ ನನಗೆ ಹಿಂದಿರುಗಿಸುತ್ತಿದ್ದರು. ಜಗಳೂರು, ಚನ್ನಗಿರಿ, ಹೊನ್ನಾಳಿ ಕಡೆಯಿಂದ ಬೆಳಗಿನ ಮೊದಲ ಬಸ್ ಹಿಡಿದು ಬರುವ ಮಕ್ಕಳು ಇವರು. ಯಾವ ಮನೆಯವರು ಯಾರ ಮನೆಯಲ್ಲಿ ಉಣ್ಣುವುದಿಲ್ಲ, ಯಾರ ಜಮೀನು ಯಾರ ಕೈಗೆ ಹೋಯಿತು, ಪಂಚಾಯಿತಿ ಚುನಾವಣೆಯಲ್ಲಿ ಯಾವ ಓಣಿ ಯಾರ ಮಾತು ಕೇಳಿತು ಎಂಬುದು ಇವರಿಗೆ ಬಾಯಿಪಾಠ. ಆದರೆ ತರಗತಿಗೆ ಬರುವಾಗ ಈ ತಿಳಿವಳಿಕೆಯನ್ನೆಲ್ಲ ಚಪ್ಪಲಿಯ ಹಾಗೆ ಬಾಗಿಲಾಚೆ ಬಿಟ್ಟು ಬರುತ್ತಿದ್ದರು. ಅದನ್ನು ಒಳಗೆ ತರಿಸುವುದು ಹೇಗೆ ಎಂಬುದೇ ಅಂದಿನಿಂದ ನನ್ನ ಚಿಂತೆ.

ಮೊದಲು ಹಿಡಿದದ್ದು ಎಲ್ಲರೂ ಹಿಡಿಯುವ ದಾರಿ, ಪ್ರಶ್ನಾವಳಿ. ನಲವತ್ತು ಪ್ರಶ್ನೆಗಳನ್ನು ಅಚ್ಚು ಹಾಕಿಸಿ ನಗರದ ಅಂಚಿನ ಒಂದು ಬಡಾವಣೆಗೆ ಮಕ್ಕಳನ್ನು ಕಳುಹಿಸಿದೆ. ಎರಡನೆಯ ಪ್ರಶ್ನೆ ಜಾತಿ, ಐದನೆಯದು ವಾರ್ಷಿಕ ಆದಾಯ. ಸಂಜೆ ಬಂದ ಹಾಳೆಗಳಲ್ಲಿ ಅರ್ಧದಷ್ಟರಲ್ಲಿ ಒಂದೇ ಕೈಬರಹವಿತ್ತು, ಮಕ್ಕಳು ಮರದ ನೆರಳಿನಲ್ಲಿ ಕುಳಿತು ತುಂಬಿದ್ದರು. ನಿಜವಾಗಿ ಕೇಳಿ ಬಂದವರ ಹಾಳೆಗಳಲ್ಲಿ ಎಲ್ಲ ಮನೆಗಳ ಆದಾಯವೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಕಾರಣ ಒಬ್ಬ ಹುಡುಗಿಯಿಂದ ತಿಳಿಯಿತು. ಸರ್ವೆ ಎಂದ ಕೂಡಲೇ ಒಬ್ಬ ಅಜ್ಜಿ, "ಯಾವ ಯೋಜನೆ ಬಂದಿದೆ ಮಗಳೇ? ಕಾರ್ಡು ತೆಗೆಯುತ್ತಾರೇನು?" ಎಂದು ಕೇಳಿದರಂತೆ. ಪಡಿತರ ಚೀಟಿ ಹೋದೀತೆಂಬ ಭಯದಲ್ಲಿ ಇಡೀ ಬೀದಿ ಒಂದೇ ಆದಾಯ ಹೇಳಿತ್ತು.

ಆ ಹಾಳೆಗಳನ್ನು ನಾನು ಎಸೆಯಲಿಲ್ಲ. ಪ್ರತಿ ವರ್ಷ ಸಂಶೋಧನಾ ವಿಧಾನದ ಮೊದಲ ತರಗತಿಗೆ ಅವನ್ನೇ ಒಯ್ಯುತ್ತೇನೆ. ಕೇಳುವವರು ಯಾರು ಎಂದು ಜನ ಭಾವಿಸಿದ್ದಾರೆಯೋ ಅದಕ್ಕೆ ತಕ್ಕ ಉತ್ತರ ಬರುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ನನ್ನ ಬಳಿ ಬೇರೆ ಇಲ್ಲ. ಈಗ ನಾವು ಸರ್ವೆ ಎಂಬ ಪದವನ್ನೇ ಬಳಸುವುದಿಲ್ಲ. ಕಾಲೇಜಿನ ಪತ್ರ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಇರುತ್ತದೆ. ಆದಾಯ ಕೇಳುವುದಿಲ್ಲ. ಮನೆಯಿಂದ ಯಾರು ಯಾರು ಎಲ್ಲಿಗೆ ದುಡಿಯಲು ಹೋಗುತ್ತಾರೆ, ಯಾವ ತಿಂಗಳಲ್ಲಿ ಕೆಲಸ ಇರುವುದಿಲ್ಲ, ಆಗ ಏನು ಮಾಡುತ್ತೀರಿ ಎಂದು ಕೇಳುತ್ತೇವೆ. ಜಾತಿಯನ್ನು ಕೇಳುವ ಅಗತ್ಯವೇ ಬೀಳುವುದಿಲ್ಲ, ಮಾತು ಅರ್ಧ ಗಂಟೆ ನಡೆದರೆ ಅದು ತಾನಾಗಿ ಬರುತ್ತದೆ.

ನಾಲ್ಕನೆಯ ವರ್ಷ ಪಠ್ಯಪುಸ್ತಕ ತೆರೆಯುವ ಮುನ್ನವೇ ಒಂದು ಕೆಲಸ ಕೊಟ್ಟೆ: ನಿಮ್ಮ ಊರಿನ ನಕ್ಷೆ ಬರೆದು ತನ್ನಿ. ಅಳತೆ ಬೇಡ, ನೆನಪಿನಿಂದ ಬರೆಯಿರಿ, ನಿಮಗೆ ಮುಖ್ಯ ಎನಿಸಿದ್ದೆಲ್ಲ ಇರಲಿ. ಜಾತಿಯ ಮಾತನ್ನೇ ನಾನು ಎತ್ತಿರಲಿಲ್ಲ.

ಹರಿಹರ ತಾಲ್ಲೂಕಿನ ಒಂದೇ ಊರಿನಿಂದ ಇಬ್ಬರು ಬರುತ್ತಿದ್ದರು, ಒಬ್ಬ ಹುಡುಗ, ಒಬ್ಬ ಹುಡುಗಿ. ಹುಡುಗನ ನಕ್ಷೆ ಬಲು ಅಚ್ಚುಕಟ್ಟು. ದೇವಸ್ಥಾನದ ಗರ್ಭಗುಡಿ, ಹಾಲಿನ ಡೇರಿ, ಶಾಲೆ, ಹೋಟೆಲು, ಕ್ರಿಕೆಟ್ ಆಡುವ ಬಯಲು ಎಲ್ಲ ಇದ್ದವು. ಊರಿನ ಪೂರ್ವಕ್ಕೆ ಒಂದು ಹುಣಸೆಮರ, ಅಲ್ಲಿಂದ ಮುಂದೆ ಒಂದು ಬಾಣದ ಗುರುತು, ಅದರ ಪಕ್ಕ "ಹೊಲಕ್ಕೆ ದಾರಿ" ಎಂಬ ಬರಹ. ಹುಡುಗಿಯ ನಕ್ಷೆ ಆ ಹುಣಸೆಮರದಿಂದಲೇ ಶುರುವಾಗಿತ್ತು. ಮರದ ಆಚೆ ನಲವತ್ತಕ್ಕೂ ಹೆಚ್ಚು ಮನೆಗಳು, ಸಮುದಾಯ ಭವನ, ಅಂಬೇಡ್ಕರ್ ನಾಮಫಲಕ, ಕೊಳವೆಬಾವಿ. ದೇವಸ್ಥಾನ ಅವಳ ನಕ್ಷೆಯಲ್ಲೂ ಇತ್ತು, ಹೊರಗೋಡೆ ಮಾತ್ರ. ಊರಿನ ನಡುವಿನ ಎರಡು ಓಣಿಗಳ ಜಾಗ ಖಾಲಿಯಾಗಿತ್ತು. ಏಕೆ ಎಂದು ಕೇಳಿದೆ. "ಆ ಓಣಿಗೆ ನಾನು ಹೋಗಿಲ್ಲ ಮೇಡಂ" ಎಂದಳು.

ಅಂದು ನಾನೊಂದು ತಪ್ಪು ಮಾಡಿದೆ. ಕಲಿಸಲು ಇಂಥ ಅವಕಾಶ ಸಿಕ್ಕಿತೆಂಬ ಉತ್ಸಾಹದಲ್ಲಿ ಎರಡೂ ನಕ್ಷೆಗಳನ್ನು ತರಗತಿಯ ಮುಂದೆ ಎತ್ತಿ ಹಿಡಿದೆ. ಹುಡುಗಿ ತಲೆ ತಗ್ಗಿಸಿದಳು. ಹುಡುಗ ಕೆಂಪಗಾದ. ನಾನು ತೋರಿಸಿದ್ದು ಊರನ್ನು ಎಂದುಕೊಂಡಿದ್ದೆ, ತರಗತಿ ನೋಡಿದ್ದು ಆ ಇಬ್ಬರನ್ನು. ಮರುದಿನ ಅವರಿಬ್ಬರನ್ನೂ ಬೇರೆ ಬೇರೆಯಾಗಿ ಕರೆದು ಕ್ಷಮೆ ಕೇಳಿದೆ. ಅಂದಿನಿಂದ ನಕ್ಷೆಗಳ ಮೇಲೆ ಹೆಸರು ಬರೆಸುವುದಿಲ್ಲ, ಊರಿನ ಹೆಸರನ್ನೂ ಬರೆಸುವುದಿಲ್ಲ, ಬರೆದವರ ಒಪ್ಪಿಗೆಯಿಲ್ಲದೆ ಯಾವುದನ್ನೂ ಗೋಡೆಗೆ ಹಚ್ಚುವುದಿಲ್ಲ. ಈ ಚಟುವಟಿಕೆಯನ್ನು ಮಾಡಿಸಬೇಕೆಂದಿರುವ ಅಧ್ಯಾಪಕರಿಗೆ ಮೊದಲು ಹೇಳಬೇಕಾದ ಮಾತು ಇದು.

ಮುಂದಿನದ್ದು ಆ ಮಕ್ಕಳೇ ಮಾಡಿದ ಕೆಲಸ. ಇಬ್ಬರೂ ಸೇರಿ ಮೂರನೆಯ ನಕ್ಷೆ ಬರೆಯುತ್ತೇವೆ ಎಂದರು. ಹುಡುಗಿ ಅವನಿಗೆ, "ನೀನು ಬಾ, ನಮ್ಮ ಕೇರಿ ತೋರಿಸುತ್ತೇನೆ. ನಿಮ್ಮ ಓಣಿಗೆ ಮಾತ್ರ ನಾನು ಬರುವುದು ಬೇಡ" ಎಂದಳಂತೆ. ಅವನು ಹೋಗಿ ಬಂದ. ಕೇರಿಯ ಮನೆಗಳು ಅವನ ಹಾಳೆಯಲ್ಲಿ ಹಿಡಿಸಲಿಲ್ಲ, ಪಕ್ಕಕ್ಕೆ ಇನ್ನೊಂದು ಹಾಳೆ ಅಂಟಿಸಿದರು. ನಡುವಿನ ಓಣಿಗಳನ್ನು ತನ್ನ ನಕ್ಷೆಯಿಂದ ನೋಡಿ ತುಂಬಿಕೊಳ್ಳಲು ಅವನು ಹೇಳಿದರೂ ಅವಳು ಒಪ್ಪಲಿಲ್ಲ. ಆ ಜಾಗ ಖಾಲಿಯೇ ಇರಲಿ ಎಂದಳು. ಸಾಮಾಜಿಕ ಶ್ರೇಣೀಕರಣದ ಅಧ್ಯಾಯಕ್ಕೆ ಆ ವರ್ಷ ನಾನು ಟಿಪ್ಪಣಿ ಬರೆಸಲಿಲ್ಲ.

ರಕ್ತಸಂಬಂಧದ ಅಧ್ಯಾಯ ಮಕ್ಕಳಿಗೆ ಒಣ ಎನಿಸುತ್ತದೆ. ಅದಕ್ಕೆ ಮೂರು ತಲೆಮಾರಿನ ವಂಶವೃಕ್ಷ ಬರೆಸುತ್ತೇನೆ, ಪ್ರತಿಯೊಬ್ಬರನ್ನೂ ಏನೆಂದು ಕರೆಯುತ್ತೀರಿ ಎಂಬುದನ್ನೂ ಬರೆಸುತ್ತೇನೆ. ಅಪ್ಪನ ತಂಗಿಯೂ ಅತ್ತೆ, ಅಮ್ಮನ ಅಣ್ಣನ ಹೆಂಡತಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಈ ಒಂದು ಪದದೊಳಗೆ ಸೋದರಮಾವನ ಮಗಳನ್ನು, ಸೋದರತ್ತೆಯ ಮಗನನ್ನು ಮದುವೆಯಾಗುವ ಪದ್ಧತಿಯೇ ಅಡಗಿದೆ ಎಂದಾಗ ಮಕ್ಕಳು ಬೆರಗಾಗುತ್ತಾರೆ. ಒಮ್ಮೆ ಬಾಷಾ ನಗರದಿಂದ ಬರುವ ಹುಡುಗಿಯೊಬ್ಬಳು ಎದ್ದು, ತಮ್ಮ ಮನೆಯ ಉರ್ದು ಮಾತಿನಲ್ಲಿ ಅಪ್ಪನ ತಂಗಿಗೆ ಒಂದು ಪದ, ಅಮ್ಮನ ತಂಗಿಗೆ ಇನ್ನೊಂದು, ಗಂಡನ ತಾಯಿಗೆ ಮತ್ತೊಂದು ಎಂದಳು. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆಯವರು 1953ರಲ್ಲಿ ಭಾರತದ ರಕ್ತಸಂಬಂಧ ವ್ಯವಸ್ಥೆಯನ್ನು ನಾಲ್ಕು ವಲಯಗಳಾಗಿ ವಿಂಗಡಿಸಿ ತೋರಿಸಿದ್ದನ್ನು ಆ ದಿನವೇ ಪಾಠ ಮಾಡಿದೆ. ಪ್ರಶ್ನೆ ತರಗತಿಯೊಳಗಿನಿಂದಲೇ ಎದ್ದಿತ್ತು.

ಕ್ಷೇತ್ರಕಾರ್ಯಕ್ಕೆ ನಾವು ಪ್ರತಿ ವರ್ಷ ಹೋಗುವುದು ಮಂಡಕ್ಕಿ ಭಟ್ಟಿಗಳಿಗೆ. ದಾವಣಗೆರೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ತಿನ್ನದವರಿಲ್ಲ, ಅದನ್ನು ಹುರಿಯುವ ಓಣಿಗೆ ಕಾಲಿಟ್ಟವರು ಕಡಿಮೆ. ಭತ್ತ ನೆನೆಸಿ, ಕಾಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಬೆರೆಸಿ, ಕೊನೆಗೆ ಕಾದ ಮರಳಿನಲ್ಲಿ ಹುರಿಯುವ ತನಕ ಎಷ್ಟೊಂದು ಕೈಗಳು ಬೇಕು! ಮೊದಲ ಸಲ ಹೋದಾಗ ಒಬ್ಬ ವಿದ್ಯಾರ್ಥಿ ಎರಡು ಗಂಟೆ ಅಲ್ಲಿ ನಿಂತು ನಾಲ್ಕು ಸಾಲು ಬರೆದ: "ಇಲ್ಲಿ ಬಡತನವಿದೆ. ಅಜ್ಞಾನವಿದೆ. ಹೊಗೆಯಿದೆ. ಸರ್ಕಾರ ಕೂಡಲೇ ಕ್ರಮ ಕೈಗೊಳ್ಳಬೇಕು." ಪರೀಕ್ಷೆಯ ಭಾಷೆ ಕಣ್ಣಿನ ಮೇಲೆ ಕುಳಿತುಬಿಟ್ಟಿತ್ತು.

ಆಗ ಒಂದು ಕ್ರಮ ಮಾಡಿದೆ. ನೋಟ್‌ಪುಸ್ತಕದ ಎಡಪುಟದಲ್ಲಿ ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು ಮಾತ್ರ. ನಿಮಗೆ ಅನ್ನಿಸಿದ್ದು ಬಲಪುಟಕ್ಕೆ. ಬೆಂಕಿಯ ಮುಂದೆ ಯಾರು, ಜರಡಿ ಹಿಡಿದವರು ಯಾರು, ಚೀಲ ಎಣಿಸುವವರು ಯಾರು, ವ್ಯಾಪಾರಿಯೊಂದಿಗೆ ಮಾತನಾಡುವವರು ಯಾರು, ಹಣ ಯಾರ ಕೈಗೆ ಬಂತು ಎಂದು ನೋಡಲು ಹೇಳಿದೆ. ಅದೇ ಹುಡುಗ ಎರಡನೆಯ ಸಲ ಹನ್ನೊಂದು ಪುಟ ಬರೆದು ತಂದ. ಅದರಲ್ಲಿ ಒಂದು ಸಾಲು ನನ್ನ ಮನಸ್ಸಿನಿಂದ ಹೋಗಿಲ್ಲ. ಜರಡಿ ಹಿಡಿಯುತ್ತಲೇ ಒಬ್ಬ ತಾಯಿ ಅವನಿಗೆ ಹೇಳಿದ್ದರು: "ನಮ್ಮ ಮನೆಯವರು ಭಟ್ಟಿ ಮಾಡುತ್ತಾರಪ್ಪ, ನಾನು ಸುಮ್ಮನೆ ಮನೆಯಲ್ಲಿರುತ್ತೇನೆ."

ಈ ಸಾಲಿನಿಂದ ಇನ್ನೊಂದು ಚಟುವಟಿಕೆ ಹುಟ್ಟಿತು. 2019ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿತು, 2024ರಲ್ಲಿ ಮತ್ತೆ ನಡೆಸಿತು. ಬೆಳಗಿನ ಜಾವ ನಾಲ್ಕರಿಂದ ಮರುದಿನ ನಾಲ್ಕರವರೆಗೆ, ಅರ್ಧರ್ಧ ಗಂಟೆಯ ಲೆಕ್ಕದಲ್ಲಿ ಯಾರು ಏನು ಮಾಡಿದರು ಎಂದು ಬರೆದುಕೊಳ್ಳುವ ಪದ್ಧತಿ ಅದು. ನಮ್ಮ ಮಕ್ಕಳು ಅದೇ ಮಾದರಿಯ ಹಾಳೆಯಲ್ಲಿ ತಮ್ಮ ತಾಯಿಯ ಒಂದು ದಿನವನ್ನು, ತಮ್ಮ ಒಂದು ದಿನವನ್ನು ಅಕ್ಕಪಕ್ಕದಲ್ಲಿ ಬರೆಯುತ್ತಾರೆ. ಖರ್ಚಿಲ್ಲದ ಕೆಲಸ, ಒಂದೇ ದಿನದ್ದು. ಕೂಲಿಯಿಲ್ಲದ ಕೌಟುಂಬಿಕ ದುಡಿಮೆ ಎಂಬ ಪದವನ್ನು ಇದಾದ ನಂತರ ಯಾರೂ ಮರೆತದ್ದನ್ನು ನಾನು ಕಂಡಿಲ್ಲ.

ಟಿಪ್ಪಣಿಯನ್ನು ಅದೇ ರಾತ್ರಿ ಬರೆಯಬೇಕು ಎಂಬುದರಲ್ಲಿ ನಾನು ಕಟ್ಟುನಿಟ್ಟು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ 1948ರಲ್ಲಿ ಮಾಡಿದ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ವರ್ಷಗಟ್ಟಲೆ ವಿಂಗಡಿಸಿ ಸಿದ್ಧಪಡಿಸಿಕೊಂಡಿದ್ದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಹಚ್ಚಿದ ಬೆಂಕಿಗೆ ಅವುಗಳ ಮೂರೂ ಪ್ರತಿಗಳು ಸುಟ್ಟುಹೋದವು. ಆಮೇಲೆ ಬಹುಪಾಲು ನೆನಪಿನಿಂದಲೇ ಆ ಹಳ್ಳಿಯ ಪುಸ್ತಕ ಬರೆದರು. ಈ ಕಥೆ ಕೇಳಿದ ಜಾಣ ಮಕ್ಕಳು, ಹಾಗಾದರೆ ನೆನಪೇ ಸಾಕಲ್ಲ ಮೇಡಂ ಎನ್ನುತ್ತಾರೆ. ಅವರ ನೆನಪು ಅಷ್ಟು ಗಟ್ಟಿಯಾದದ್ದು ಇಪ್ಪತ್ತು ವರ್ಷ ಆ ಟಿಪ್ಪಣಿಗಳೊಂದಿಗೆ ಬದುಕಿದ್ದರಿಂದ ಎಂದು ನಾನು ಹೇಳುತ್ತೇನೆ.

ಮುಚ್ಚಿದ ಹತ್ತಿ ಗಿರಣಿಗಳ ಹಳೆಯ ಕಾರ್ಮಿಕರ ಮಾತು ದಾಖಲಿಸುವ ಕೆಲಸವನ್ನೂ ಎರಡು ವರ್ಷ ಮಾಡಿದೆವು. ಗಿರಣಿಯ ಸದ್ದು ನಿಂತರೂ ಡಿಸಿಎಂ (ದಾವಣಗೆರೆ ಕಾಟನ್ ಮಿಲ್ಸ್) ಟೌನ್‌ಶಿಪ್ ಎಂಬ ಹೆಸರು ನಗರ ಸಾರಿಗೆಯ ಬಾಯಲ್ಲಿ ಉಳಿದಿದೆ. ಆ ಹಿರಿಯರು ಒಬ್ಬೊಬ್ಬರಾಗಿ ಇಲ್ಲವಾಗುತ್ತಿದ್ದಾರೆ. ಇದನ್ನು ಮಾಡುವವರು ತಡಮಾಡಬಾರದು.

ಸಂಪನ್ಮೂಲಗಳ ವಿಷಯಕ್ಕೆ ಬಂದರೆ ಕನ್ನಡ ಮಾಧ್ಯಮದ ಮಕ್ಕಳಿಗೆ ದೊರೆಯುವುದು ಕಡಿಮೆ ಎಂಬ ದೂರು ನಿಜ. ಆದರೂ ಇರುವುದನ್ನೇ ನಾವು ಬಳಸುತ್ತಿಲ್ಲ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳು ಶೋಧಗಂಗಾ ಜಾಲತಾಣದಲ್ಲಿ ಉಚಿತವಾಗಿವೆ, ಕನ್ನಡದಲ್ಲಿ ಬರೆದವೂ ಇವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ಪ್ರತಿ ಜಿಲ್ಲೆಗೂ ಪ್ರತ್ಯೇಕ ಮಾಹಿತಿಪತ್ರವಿದೆ, ದಾವಣಗೆರೆಯದನ್ನೂ ಚಿತ್ರದುರ್ಗದದನ್ನೂ ಪಕ್ಕದಲ್ಲಿಟ್ಟು ಬಾಲ್ಯವಿವಾಹದ ಸಾಲನ್ನಷ್ಟೇ ಓದಿಸಿದರೂ ಒಂದು ತರಗತಿಗೆ ಸಾಕು. ತಾಂತ್ರಿಕ ಪದಗಳಿಗೆ ನಾವೇ ಒಂದು ಪದಕೋಶದ ಪುಸ್ತಕ ಇಟ್ಟಿದ್ದೇವೆ. ಸಂಸ್ಕೃತೀಕರಣ, ಪ್ರಬಲ ಜಾತಿ, ಪರಕೀಯತೆ ಇಂಥ ಪ್ರತಿ ಪದದ ಎದುರು ತನ್ನ ಊರಿನಿಂದ ಒಂದು ಉದಾಹರಣೆ ಬರೆದ ಮೇಲೆಯೇ ವಿದ್ಯಾರ್ಥಿ ಆ ಪದವನ್ನು ಉತ್ತರಪತ್ರಿಕೆಯಲ್ಲಿ ಬಳಸಬಹುದು.

ಎಲ್ಲಕ್ಕಿಂತ ಹೆಚ್ಚು ಉಪಯೋಗವಾದದ್ದು 2011ರ ಜನಗಣತಿಯ ಜಿಲ್ಲಾ ಕೈಪಿಡಿ. ಪ್ರತಿ ಹಳ್ಳಿಯ ಮನೆಗಳು, ಶಾಲೆ, ರಸ್ತೆ, ಕಾಲುವೆಯಿಂದ ಎಷ್ಟು ಭೂಮಿಗೆ ನೀರು, ಕೊಳವೆಬಾವಿಯಿಂದ ಎಷ್ಟು, ಎಲ್ಲವೂ ಅದರಲ್ಲಿವೆ. ಒಂದು ಎಚ್ಚರಿಕೆ: ಅದರಲ್ಲಿ ದಾವಣಗೆರೆ ಜಿಲ್ಲೆಯ ಜನಸಂಖ್ಯೆ 19.45 ಲಕ್ಷ ಎಂದಿರುವುದು ಹರಪನಹಳ್ಳಿಯನ್ನೂ ಸೇರಿಸಿ. ಆ ತಾಲ್ಲೂಕು 2018ರಲ್ಲಿ ಬಳ್ಳಾರಿಗೆ ಮರಳಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ನ್ಯಾಮತಿಯ ಹಳ್ಳಿಗಳನ್ನು ಹೊನ್ನಾಳಿಯಡಿ ಹುಡುಕಬೇಕು. ಇದನ್ನು ಗಮನಿಸದೆ ಬರೆದ ಎಷ್ಟೋ ವರದಿಗಳನ್ನು ನಾನು ಹಿಂದಿರುಗಿಸಿದ್ದೇನೆ.

ಈ ಕೈಪಿಡಿಯನ್ನು ಹಿಡಿದೇ ನಾವು ಎರಡು ಹಳ್ಳಿಗಳ ಹೋಲಿಕೆಗೆ ಕೈಹಾಕಿದೆವು. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದ್ವಾಂಸೆ 1954ರಿಂದ 56ರವರೆಗೆ ಮಂಡ್ಯದ ಬಳಿ ಎರಡು ಹಳ್ಳಿಗಳಲ್ಲಿದ್ದರು. ಒಂದಕ್ಕೆ ಕಾಲುವೆಯ ನೀರು ಬಂದಿತ್ತು, ಇನ್ನೊಂದಕ್ಕೆ ಬಂದಿರಲಿಲ್ಲ. ನೀರು ಬಂದ ಹಳ್ಳಿ ಬೇಸಾಯದಲ್ಲೇ ಗಟ್ಟಿಯಾಗಿ ಹಳೆಯ ಸಂಬಂಧಗಳನ್ನು ಬಹುಪಾಲು ಉಳಿಸಿಕೊಂಡಿತು. ನೀರು ಸಿಗದ ಹಳ್ಳಿಯವರು ಪೇಟೆಯ ಕೆಲಸ, ವ್ಯಾಪಾರ ಹುಡುಕಿ ಹೊರಟರು, ಬದಲಾವಣೆ ಅಲ್ಲೇ ಹೆಚ್ಚಾಯಿತು. ಭದ್ರಾ ಅಚ್ಚುಕಟ್ಟಿನ ಭತ್ತದ ಊರುಗಳೂ ಜಗಳೂರಿನ ಮಳೆಯಾಶ್ರಿತ ಊರುಗಳೂ ಒಂದೇ ಜಿಲ್ಲೆಯಲ್ಲಿರುವಾಗ ಇದಕ್ಕಿಂತ ಒಳ್ಳೆಯ ಪ್ರಶ್ನೆ ನಮಗೆ ಬೇಕೆ? ಕೈಪಿಡಿಯಲ್ಲಿ ಕಾಲುವೆ ನೀರಾವರಿ ಹೆಚ್ಚು ಎಂದಿದ್ದ ಒಂದು ಊರನ್ನು, ಗುಳೆ ಹೋಗುವವರು ಹೆಚ್ಚಿರುವ ಜಗಳೂರು ಕಡೆಯ ಒಂದು ಊರನ್ನು ಆರಿಸಿಕೊಂಡೆವು. ಆರು ಭಾನುವಾರ ಹೋದೆವು. ಮೂವರ ತಂಡ, ಸಂಜೆ ಐದರ ಬಸ್ಸಿಗೆ ಎಲ್ಲ ಹೆಣ್ಣುಮಕ್ಕಳೂ ವಾಪಸು ಹತ್ತಬೇಕು ಎಂಬುದಷ್ಟೇ ನನ್ನ ಷರತ್ತು.

ವರದಿಯನ್ನು ಅಚ್ಚು ಮಾಡುವ ಮುನ್ನ ಎರಡೂ ಊರುಗಳಲ್ಲಿ ಓದಿ ಹೇಳಬೇಕೆಂದು ಮಕ್ಕಳೇ ತೀರ್ಮಾನಿಸಿದರು. ಕಾಲುವೆಯ ಊರಿನ ಕಟ್ಟೆಯ ಮೇಲೆ ಇಪ್ಪತ್ತು ಮೂವತ್ತು ಜನ ಸೇರಿದ್ದರು. "ನೀರಾವರಿಯಿಂದ ಸಮೃದ್ಧವಾದ ಈ ಗ್ರಾಮದಲ್ಲಿ" ಎಂದು ವಿದ್ಯಾರ್ಥಿನಿ ಓದಿದಳು. ಹಿಂದೆ ಕುಳಿತಿದ್ದ ಒಬ್ಬ ಹಿರಿಯರು, "ನಿಲ್ಲಿಸು ತಂಗಿ" ಎಂದು ಎದ್ದರು. ನಮ್ಮನ್ನೆಲ್ಲ ಕಾಲುವೆಯ ತನಕ ನಡೆಸಿಕೊಂಡು ಹೋದರು. ಅದು ಅಚ್ಚುಕಟ್ಟಿನ ಕೊನೆಯ ಭಾಗ. ಕಾಲುವೆಯೊಳಗೆ ಒಣಗಿದ ಹುಲ್ಲು, ಅದನ್ನು ಮೇಯುತ್ತಿದ್ದ ಎರಡು ಎಮ್ಮೆಗಳು. "ನಿಮ್ಮ ಪುಸ್ತಕದಲ್ಲಿ ನಮಗೆ ನೀರು ಬಂದಿದೆ, ಬೇಸಿಗೆ ಬೆಳೆಗೆ ನಮ್ಮ ಹೊಲಕ್ಕೆ ಬಂದಿಲ್ಲ. ಮೇಲಿನವರು ಬಿಟ್ಟರೆ ತಾನೇ?" ಎಂದರು.

ಮೂರನೆಯ ಅಧ್ಯಾಯವನ್ನು ಮಕ್ಕಳು ಮತ್ತೆ ಬರೆದರು. ಕೈಪಿಡಿಯ ಅಂಕಿಗಳನ್ನು ಹಾಗೆಯೇ ಉಳಿಸಿ, ಕೆಳಗೆ ತಿಂಗಳುವಾರು ಕಾಲುವೆಗೆ ನೀರು ಬಂದ ದಿನಗಳನ್ನು ಆ ಹಿರಿಯರಿಂದಲೂ ಅಕ್ಕಪಕ್ಕದ ಹೊಲದವರಿಂದಲೂ ಕೇಳಿ ಇನ್ನೊಂದು ಪಟ್ಟಿ ಮಾಡಿದರು. ಆ ಅಧ್ಯಾಯವನ್ನು ಓದಿ ಹೇಳಲು ಮುಂದಿನ ಭಾನುವಾರ ಮತ್ತೆ ಅದೇ ಕಟ್ಟೆಗೆ ಹೋದೆವು.