ಚಿತ್ರದ ಬೆನ್ನು ಬಿಚ್ಚಿದ ಮೇಲೆ

ನಮ್ಮ ಮನೆಯ ಶ್ರೀರಾಮ ಪಟ್ಟಾಭಿಷೇಕದ ಚಿತ್ರ ಮೈಸೂರು ಶೈಲಿಯದಿರಬೇಕು, ಯಾವ ಕಾಲದ್ದು ಅಂತ ಪರೀಕ್ಷೆ ಮಾಡಿ ನೋಡೋಣ ಅನ್ನೋ ನನ್ನ ಮಾತು ಇಬ್ಬರಿಗೆ ರುಚಿಸಿರಲಿಲ್ಲ. ಒಬ್ಬ ಹಳೆ ಸಾಮಾನಿನ ವ್ಯಾಪಾರಿ. "ಸಾರ್, ಇದು ತಂಜಾವೂರು ಕಾಪಿ, ಹೆಚ್ಚಂದ್ರೆ ಐವತ್ತು ವರ್ಷದ್ದು. ಹದಿನೈದು ಸಾವಿರ ಕೊಡ್ತೀನಿ, ಈಗ್ಲೇ ಆಟೋ ತರಿಸ್ಲಾ?" ಅಂದ. ಇನ್ನೊಬ್ಬರು ನಂಜನಗೂಡಿನ ನಮ್ಮ ದೊಡ್ಡಪ್ಪ. ಅವರ ಲೆಕ್ಕದಲ್ಲಿ ಇದು ಮುಮ್ಮಡಿ ಕೃಷ್ಣರಾಜ ಒಡೆಯರು ನಮ್ಮ ವಂಶದವರಿಗೆ ಕೈಯಾರೆ ಕೊಟ್ಟದ್ದು. ಅದನ್ನು ಪರೀಕ್ಷೆ ಮಾಡೋದೇ ಅಪಚಾರ. ಎರಡು ವರ್ಷ ಹಿಡೀತು, ಆದರೆ ಇಬ್ಬರದ್ದೂ ತಪ್ಪು ಅಂತ ತೋರಿಸಿದೆ.

ಮೊದಲು ನಾನು ಹಾಳು ಮಾಡಿದ್ದನ್ನ ಹೇಳಿಬಿಡ್ತೀನಿ. ಆಲೂಗಡ್ಡೆ ಹೋಳಿನಿಂದ ಒರೆಸಿದರೆ ದೀಪದ ಮಸಿ ಹೋಗುತ್ತೆ ಅಂತ ಯಾರೋ ಅಂದರು. ಅಂಟಿನಲ್ಲಿ ಕಲಸಿದ ನೀರುಬಣ್ಣ ಅಂತ ಗೊತ್ತಿದ್ದೂ ಕೈ ಹಾಕಿದೆ. ಮಸಿಯ ಜೊತೆಗೆ ಶತ್ರುಘ್ನನ ಪಂಚೆಯ ಹಸಿರೂ ಹೆಬ್ಬೆಟ್ಟಿನಗಲ ಎದ್ದು ಬಂತು. ಅದು ಈಗಲೂ ಹಾಗೇ ಇದೆ, ತಿದ್ದಿಸಿಲ್ಲ.

ಎರಡನೇ ಪೆಟ್ಟು ಇನ್ನೂ ನಾಚಿಕೆಗೇಡು. ಚೌಕಟ್ಟಿನ ಹಿಂದೆ ಎರಡನೇ ಮಹಾಯುದ್ಧದ ಸುದ್ದಿಯಿದ್ದ ಪತ್ರಿಕೆ ಅಂಟಿಸಿತ್ತು. ಚಿತ್ರ 1940ರ ದಶಕದ್ದು ಅಂತ ಮನೆಯವರಿಗೆಲ್ಲ ಸಾರಿದೆ. ಒಂದು ತಿಂಗಳು ಕಳೆದ ಮೇಲೆ ಮೊಳೆಗಳ ಕಡೆ ಕಣ್ಣು ಹೋಯ್ತು. ಚೌಕಟ್ಟಿಗಿರೋದು ದುಂಡನೆ ತಂತಿ ಮೊಳೆ. ಒಳಗಿನ ಹಲಸಿನ ಹಲಗೆಯ ಪಟ್ಟಿಗಿರೋದು ಕುಲುಮೆಯಲ್ಲಿ ಬಡಿದ ಚೌಕ ಮೊಳೆ. ಅಂದರೆ ಯಾರೋ ಮಧ್ಯೆ ಕಟ್ಟು ಬದಲಾಯಿಸಿದ್ದಾರೆ. ಹಿಂದಿನ ಪತ್ರಿಕೆ ಕಟ್ಟು ಹಾಕಿದವನ ಕಾಲ ಹೇಳುತ್ತೆ, ಚಿತ್ರಗಾರನದ್ದಲ್ಲ.

ತಂಜಾವೂರಾ ಮೈಸೂರಾ ಅನ್ನೋದು ಬೇಗ ಬಗೆಹರೀತು. ತಂಜಾವೂರಿನದಾದರೆ ಉಬ್ಬು ದಪ್ಪ, ಮೇಲೆ ಕಲ್ಲು ಗಾಜು ಕೂರಿಸಿರ್ತಾರೆ; ಮೈಸೂರಿನದು ತೆಳು. ಓರೆ ಬೆಳಕಿನಲ್ಲಿ ಟಾರ್ಚ್ ಹಿಡಿದರೆ ಕಿರೀಟದ ಉಬ್ಬು ಕೂದಲೆಳೆಯ ನೆರಳಷ್ಟೇ ಬೀಳಿಸುತ್ತೆ. ಕಲ್ಲಿಲ್ಲ, ಗಾಜಿಲ್ಲ. ಚಿನ್ನದ ರೇಕು ಕಿತ್ತುಹೋದ ಕಡೆ ಕೆಳಗೆ ಕಾಣೋದು ಹಳದಿ ಮಕ್ಕಿ ಸಫೇದ, ಅಂದರೆ ಸೀಸದ ಬಿಳಿ ಪುಡಿಗೆ ಮಕ್ಕಿ ಅನ್ನೋ ಹಳದಿ ಅಂಟು, ಗೋಂದು ಕಲಸಿ ಮೈಸೂರಿನವರು ಉಬ್ಬಿಗೆ ಹಚ್ಚೋ ಮಿಶ್ರಣ. ವ್ಯಾಪಾರಿ ಇದಕ್ಕೂ ಒಪ್ಪಲಿಲ್ಲ. ಉಬ್ಬಿನಲ್ಲಿ ಏನಿದೆ ಅಂತ ಪರೀಕ್ಷಿಸೋಕೆ ಲ್ಯಾಬಿನವರು ಹದಿನೆಂಟು ಸಾವಿರ ಕೇಳಿದರು. ನಾನು ಗಾಜಿನ ತಳದಲ್ಲಿ ತಾನಾಗಿ ಉದುರಿದ್ದ ಎರಡು ಚೂರುಗಳನ್ನ ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು, ಚಿನ್ನದ ಒಡವೆ ಪರೀಕ್ಷಿಸೋ ಕೇಂದ್ರಕ್ಕೆ ಹೋದೆ. ಅದೇ ಎಕ್ಸ್‌ಆರ್‌ಎಫ್ ಯಂತ್ರ, ಎಕ್ಸ್‌ರೇ ಬಿಟ್ಟು ಯಾವ ಲೋಹ ಇದೆ ಅಂತ ಹೇಳೋದು, ಮುನ್ನೂರೋ ಮುನ್ನೂರೈವತ್ತೋ ರೂಪಾಯಿ. ಅದನ್ನ ಒಡವೆಗೆ ಹೊಂದಿಸಿರ್ತಾರೆ, ಹಾಗಾಗಿ ಶೇಕಡಾ ಅಂಕಿ ನಂಬಬೇಡಿ. ಯಾವ ಲೋಹ ಇದೆ ಅನ್ನೋದನ್ನಷ್ಟೇ ನೋಡಿ. ಚಿನ್ನದ ಜೊತೆ ಸೀಸ ಭರ್ತಿ ಬಂತು. ಸೀಸದ ಸಫೇದ. ತಂಜಾವೂರಿನ ಸುಣ್ಣದ ಉಬ್ಬಿನಲ್ಲಿ ಅಷ್ಟು ಸೀಸಕ್ಕೆ ಏನು ಕೆಲಸ? (ಮನೆಯಲ್ಲಿ ಮಕ್ಕಳಿದ್ದರೆ ಉದುರಿದ ಪುಡಿಯನ್ನ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಬಟ್ಟೆ ಬಿಸಾಕಿ.)

ಇಷ್ಟಾದ ಮೇಲೆ ನಾನೇ ಮಕ್ಕಿ ಸಫೇದ ಮಾಡಿ ನೋಡೋಣ ಅನ್ನಿಸಿತು. ಮಕ್ಕಿಯ ಹಳದಿ ಅಂಟಿಗೆ ಅಂತ ಗ್ರಂಥಿಗೆ (ನಾಟಿ ಔಷಧದ) ಅಂಗಡಿಯಲ್ಲಿ ರೇವಲ್‌ಚಿನ್ನಿ ಕೇಳಿದರೆ ಒಣ ಬೇರು ಕಟ್ಟಿಕೊಟ್ಟ. "ಅದಲ್ಲ, ಹಳದಿ ಅಂಟು" ಅಂದೆ. "ಭೇದಿಗಾ?" ಅಂತ ಕೇಳಿದ, ಜೊತೆಗೆ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಸೀಸ ಬೇಡ ಅಂತ ಸತುವಿನ ಬಿಳಿ ಪುಡಿಯಲ್ಲಿ ಕಲಸಿದೆ. ಮೂರು ಸಲ ಬಿರುಕು ಬಿಟ್ಟಿತು. ನಾಲ್ಕನೇ ಸಲ ನಿಂತಿತು, ಗೋಂದಿನ ಅಳತೆ ನನ್ನಲ್ಲೇ ಇರಲಿ. ಕಾಲ ಹೇಳೋದಕ್ಕೆ ಇದರಿಂದ ಮೂರು ಕಾಸಿನ ಉಪಯೋಗ ಆಗಲಿಲ್ಲ, ಎಂಟುನೂರು ಹೋಯ್ತು.

ಕಾಲ ಸಿಕ್ಕಿದ್ದು ಹುಳದ ದಯೆಯಿಂದ. ಕೆಳಗಿನ ಎಡ ಮೂಲೆಯಲ್ಲಿ ಬೆಳ್ಳಿಮೀನು ಹುಳ ತಿಂದು, ಚಿತ್ರ ಬರೆದ ಬಟ್ಟೆ ಅದನ್ನ ಅಂಟಿಸಿದ್ದ ಹಲಗೆಯಿಂದ ಸಡಿಲವಾಗಿತ್ತು. ಎರಡರ ನಡುವೆ ಯಾವುದೋ ಅಂಗಡಿಯ ಕಿರ್ದಿ (ದಿನದ ಲೆಕ್ಕದ ಪುಸ್ತಕದ) ಹಾಳೆ: ಬೆಲ್ಲ, ಎಳ್ಳೆಣ್ಣೆ, ಬಾಕಿ. ಅದು ಬಟ್ಟೆಯ ಕೆಳಗಿತ್ತು ಅನ್ನೋದೇ ಮುಖ್ಯ. ಕಟ್ಟು ಹಾಕಿದವನು ಅಲ್ಲಿ ಕೈ ಇಡೋದು ಸಾಧ್ಯವಿಲ್ಲ. ಮೂಲೆಯನ್ನ ಇನ್ನೂ ನಾಲ್ಕು ಬೆರಳು ಹೇಗೆ ಬಿಡಿಸಿದೆ ಅಂತ ಬರೆಯಲ್ಲ. ಅರ್ಧ ಓದಿ ಮಾಡೋಕೆ ಹೋಗ್ತೀರಿ, ಆಮೇಲೆ ನನ್ನನ್ನ ಬೈತೀರಿ. ನೀರು ಮುಟ್ಟಿಸಲಿಲ್ಲ, ಇಷ್ಟು ಸಾಕು.

ಹಾಳೆಯಲ್ಲಿ ವಿಕೃತಿ ಸಂವತ್ಸರ, ಕಾರ್ತಿಕ ಮಾಸ ಅಂತಿತ್ತು. ವಿಕೃತಿ 1830, 1890, 1950 ಮೂರರಲ್ಲೂ ಬರುತ್ತೆ. ದೊಡ್ಡಪ್ಪ ಕೂಡಲೇ "1830! ಮುಮ್ಮಡಿಯವರ ಕಾಲ!" ಅಂದರು. ವ್ಯಾಪಾರಿಗೆ ಹೇಳಿದ್ದರೆ 1950 ಅಂತಿದ್ದ. ಆದರೆ ತಿಥಿಯ ಪಕ್ಕದಲ್ಲಿ ವಾರವನ್ನೂ ಬರೆದಿದ್ದ ಆ ಪುಣ್ಯಾತ್ಮ ಗುಮಾಸ್ತ. ಮೂರೂ ವರ್ಷದ ಪಂಚಾಂಗಕ್ಕೆ ಹಿಡಿದರೆ ತಿಥಿ-ವಾರ ಕೂಡಿದ್ದು 1890ಕ್ಕೆ ಮಾತ್ರ. ಒಂದು ಸಾಲು ಸಾಲದು ಅಂತ ಓದಲು ಬಂದ ಐದು ಸಾಲು ನೋಡಿದೆ, ನಾಲ್ಕು ಸರಿಹೋದವು. ಐದನೆಯದರಲ್ಲಿ ಗುಮಾಸ್ತನೇ ಎಡವಿದ್ದಾನೆ ಅಂತ ನನ್ನ ನಂಬಿಕೆ.

ಹಾಗಾಗಿ ಚಿತ್ರ 1890ಕ್ಕಿಂತ ಹಿಂದಿನದಲ್ಲ. ಮುಮ್ಮಡಿಯವರು ತೀರಿಕೊಂಡದ್ದು 1868ರಲ್ಲಿ. ಕಿರ್ದಿಯ ಹಾಳೆ ರದ್ದಿಗೆ ಬೀಳೋಕೆ ಹತ್ತು ಹದಿನೈದು ವರ್ಷ ಹಿಡಿಯಿರಿ; ನನ್ನ ಅಂದಾಜು 1900ರ ಆಸುಪಾಸು. ಒಟ್ಟು ಖರ್ಚು ಬಸ್ ಚಾರ್ಜೂ ಸೇರಿ ಏಳು ಸಾವಿರ ದಾಟಿಲ್ಲ.

ದೊಡ್ಡಪ್ಪ ಎರಡು ತಿಂಗಳು ಮಾತಾಡಲಿಲ್ಲ. ಈಗ ಫೋನು ಮಾಡಿ, ಉಳಿದ ಹಾಳೆಯಲ್ಲಿ ನಮ್ಮ ಮನೆತನದ ಹೆಸರಿದೆಯಾ ನೋಡು ಅಂತ ಒತ್ತಾಯ ಮಾಡ್ತಿದ್ದಾರೆ. ಆ ಭಾಗ ಸರಿಯಾಗಿ ಹನುಮಂತನ ಪೀಠದ ಉಬ್ಬಿನ ಕೆಳಗಿದೆ. ಎತ್ತಿದರೆ ಚಿನ್ನ ಬಿರಿಯುತ್ತೆ. ಎತ್ತಲ್ಲ ಅಂದಿದ್ದೀನಿ.