ಹ್ಯೂಸ್ಟನ್‌ಗೆ ಹೊಸದಾಗಿ ಬಂದವರಿಗೆ: ಜನರೇಟರ್ ಕೊಳ್ಳುವ ಮೊದಲು, ಕೊಂಡ ಮೇಲೆ

ಬೆಂಗಳೂರಲ್ಲಿ ಕರೆಂಟ್ ಹೋದರೆ ಯುಪಿಎಸ್ ತಾನಾಗಿ ಆನ್ ಆಗುತ್ತಿತ್ತು. ಇಲ್ಲಿನ ಮನೆಗಳಲ್ಲಿ ಅಂಥ ಏರ್ಪಾಡು ಇರುವುದು ಅಪರೂಪ. ವರ್ಷದ ಬಹುಪಾಲು ಅದು ಬೇಕಾಗುವುದೂ ಇಲ್ಲ. ಆದರೆ ಹೋದರೆ ಕೆಲವು ಸಲ ದಿನಗಟ್ಟಲೆ ಹೋಗುತ್ತದೆ. 2021ರ ಫೆಬ್ರವರಿ ಚಳಿಯಲ್ಲಿ ಟೆಕ್ಸಸ್‌ನ ಸುಮಾರು 45 ಲಕ್ಷ ಮನೆ, ಅಂಗಡಿಗಳಿಗೆ ಕರೆಂಟ್ ಇರಲಿಲ್ಲ. 2024ರ ಜುಲೈ 8ಕ್ಕೆ ಬೆರಿಲ್ ಚಂಡಮಾರುತ ಬಂದಾಗ ಹ್ಯೂಸ್ಟನ್ ಸುತ್ತಮುತ್ತ 20 ಲಕ್ಷಕ್ಕೂ ಜಾಸ್ತಿ ಮನೆ, ಅಂಗಡಿಗಳಲ್ಲಿ ಕರೆಂಟ್ ಹೋಯಿತು. ಕೆಲವು ಬೀದಿಗಳಿಗೆ ವಾರ ದಾಟಿದ ಮೇಲೆ ಬಂತು, ಅದೂ ಜುಲೈ ಸೆಕೆಯಲ್ಲಿ.

ಆಮೇಲೆ ಎಲ್ಲರೂ ಒಟ್ಟಿಗೆ ಅಂಗಡಿಗೆ ಓಡಿ, ಇದ್ದದ್ದರಲ್ಲೇ ದೊಡ್ಡ ಜನರೇಟರ್ ತರುತ್ತಾರೆ. ನಮ್ಮ ಸಲಹೆ ಇದಕ್ಕೆ ಉಲ್ಟಾ. ಸಣ್ಣದನ್ನು ತನ್ನಿ, ಸಮಾಧಾನದ ದಿನಗಳಲ್ಲಿ ತನ್ನಿ. ನೀವು ಎಷ್ಟು ದಿನ ತಳ್ಳುತ್ತೀರಿ ಅನ್ನುವುದನ್ನು ತೀರ್ಮಾನಿಸುವುದು ಪೆಟ್ರೋಲ್, ಮೆಷೀನ್ ಅಲ್ಲ.

ಅಪಾರ್ಟ್‌ಮೆಂಟಿನಲ್ಲಿದ್ದರೆ

ಬಂದ ಹೊಸತರಲ್ಲಿ ಹೆಚ್ಚಿನವರು ಇರುವುದು ಅಪಾರ್ಟ್‌ಮೆಂಟಿನಲ್ಲೇ. ಹಾಗಿದ್ದರೆ ಜನರೇಟರ್ ಕೊಳ್ಳಲೇಬೇಡಿ. ಬಾಲ್ಕನಿಯಲ್ಲಿ ಇಟ್ಟು ಓಡಿಸುವ ಹಾಗಿಲ್ಲ. ಹೊಗೆ ನಿಮ್ಮ ಮನೆಗೂ ಹೋಗುತ್ತದೆ, ಮೇಲಿನ ಮನೆಗೂ ಹೋಗುತ್ತದೆ. ಅದರ ಬದಲು ಒಂದು ಕಿಲೋವ್ಯಾಟ್ ಅವರ್‌ನ ಬ್ಯಾಟರಿ ಪವರ್ ಸ್ಟೇಷನ್ (ಮೊದಲೇ ಚಾರ್ಜ್ ಮಾಡಿಡುವ, ಪ್ಲಗ್ ಸಾಕೆಟ್ ಇರುವ ದೊಡ್ಡ ಬ್ಯಾಟರಿ ಪೆಟ್ಟಿಗೆ) ಸಾಕು. ಫೋನು, ವೈಫೈ, ಒಂದು ಫ್ಯಾನು, ಒಂದೆರಡು ದೀಪ ಇಷ್ಟಕ್ಕೇ ಬಳಸಿದರೆ ಒಂದು ರಾತ್ರಿ ಆರಾಮಾಗಿ ಕಳೆಯುತ್ತದೆ. ಫ್ರಿಜ್ ದಿನಕ್ಕೆ ಸುಮಾರು ಅಷ್ಟನ್ನೇ ತಿನ್ನುತ್ತದೆ, ಹಾಗಾಗಿ ಅದನ್ನು ಇದಕ್ಕೆ ಸಿಕ್ಕಿಸುವ ಮೊದಲು ಯೋಚಿಸಿ. ಬಾಗಿಲು ತೆಗೆಯದಿದ್ದರೆ ಫ್ರಿಜ್ 4 ಗಂಟೆ, ತುಂಬಿದ ಫ್ರೀಜರ್ 48 ಗಂಟೆ ತಣ್ಣಗಿರುತ್ತದೆ. ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಅಪ್ಪ ಅಮ್ಮ ಇದ್ದರೆ ಐಸ್ ಬಾಕ್ಸ್ ಮೊದಲೇ ತಂದಿಡಿ. ದೋಸೆ ಹಿಟ್ಟಿನ ಚಿಂತೆ ಬಿಡಿ, ಅದು ಹೇಗೂ ಉಕ್ಕುತ್ತದೆ.

ಮನೆಯಿದ್ದರೆ ಮೊದಲು ವ್ಯಾಟ್ ಲೆಕ್ಕ

ಕಾಗದ ಹಿಡಿದು ಬೇಕಾದ್ದನ್ನು ಬರೆಯಿರಿ. ಫ್ರಿಜ್ ಓಡುವಾಗ 150ರಿಂದ 200 ವ್ಯಾಟ್, ಆದರೆ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ದೀಪ, ವೈಫೈ, ಫ್ಯಾನು ಎಲ್ಲ ಸೇರಿ 200 ದಾಟುವುದಿಲ್ಲ. ಒಂದು ಸಣ್ಣ ವಿಂಡೋ ಎಸಿ, ಅಂದರೆ ತಣಿಸುವ ಸಾಮರ್ಥ್ಯ 5000 ಬಿಟಿಯು ಎಂದು ಬರೆದಿರುವುದು, 450ರಿಂದ 500 ವ್ಯಾಟ್. ಬೇಸಿಗೆಯಲ್ಲಿ ಇಡೀ ಸಂಸಾರ ಒಂದೇ ರೂಮಿನಲ್ಲಿ ಮಲಗಲು ಇದೊಂದಿದ್ದರೆ ಸಾಕು. ಇನ್‌ಸ್ಟಂಟ್ ಪಾಟ್ (ಕರೆಂಟ್ ಕುಕ್ಕರ್) 1000, ಮೈಕ್ರೋವೇವ್ 1500ರ ಹತ್ತಿರ. ಮಿಕ್ಸಿ, ಪಾಟ್, ಎಸಿ ಮೂರನ್ನೂ ಒಟ್ಟಿಗೆ ಹಾಕಬೇಡಿ, ಅಷ್ಟೇ. ಮನೆಯ ಸೆಂಟ್ರಲ್ ಎಸಿ, ಕರೆಂಟ್ ಒಲೆ, ಬಟ್ಟೆ ಡ್ರೈಯರ್ ಈ ಪಟ್ಟಿಯಲ್ಲಿ ಇರಲೇಬಾರದು.

ಹೀಗೆ ಲೆಕ್ಕ ಹಾಕಿದರೆ ಬಹಳ ಮನೆಗಳಿಗೆ 2000-2200 ವ್ಯಾಟಿನ ಇನ್ವರ್ಟರ್ ಜನರೇಟರ್ (ಊರಿನ ಬ್ಯಾಟರಿ ಇನ್ವರ್ಟರ್ ಅಲ್ಲ, ಪೆಟ್ರೋಲಿನಲ್ಲೇ ಓಡುವುದು) ಆಗಿಹೋಗುತ್ತದೆ. ಎಸಿ, ಫ್ರಿಜ್ ಜೊತೆಗೆ ಅಡುಗೆಯೂ ಆಗಬೇಕೆಂದರೆ 3500ರ ಆಸುಪಾಸು ನೋಡಿ. ಡಬ್ಬದ ಮೇಲೆ ಎರಡು ಅಂಕಿ ಇರುತ್ತವೆ. ದೊಡ್ಡದು ಶುರುವಿನ ಕ್ಷಣದ್ದು, ಸಣ್ಣದು ಸತತವಾಗಿ ಕೊಡುವುದು. ಅಂಗಡಿಯವರು ದೊಡ್ಡದನ್ನು ತೋರಿಸುತ್ತಾರೆ, ನೀವು ಸಣ್ಣದನ್ನು ನಂಬಿ. ಇನ್ವರ್ಟರ್ ಮಾದರಿಗೆ ದುಡ್ಡು ಜಾಸ್ತಿ. ಆದರೆ ಸದ್ದು ಕಡಿಮೆ, ಪೆಟ್ರೋಲ್ ಕಡಿಮೆ, ಲ್ಯಾಪ್‌ಟಾಪಿಗೂ ಸುರಕ್ಷಿತ. ರಾತ್ರಿ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟುವುದೂ ತಪ್ಪುತ್ತದೆ.

ಪೆಟ್ರೋಲ್

2200 ವ್ಯಾಟಿನದು ಕಾಲು ಭಾಗದಷ್ಟು ಹೊರೆಯಲ್ಲಿ ಒಂದು ಗ್ಯಾಲನ್‌ಗೆ ಸುಮಾರು 8 ಗಂಟೆ ಓಡುತ್ತದೆ. ದಿನಪೂರ್ತಿ ಓಡಿಸಿದರೂ 3 ಗ್ಯಾಲನ್. 7500 ವ್ಯಾಟಿನ ಸಾಮಾನ್ಯ ಮೆಷೀನ್ ಅರ್ಧ ಹೊರೆಯಲ್ಲಿ ಗಂಟೆಗೆ ಅರ್ಧ ಗ್ಯಾಲನ್‌ಗೂ ಮೇಲೆ ಕುಡಿಯುತ್ತದೆ. ದಿನಕ್ಕೆ 12 ಗ್ಯಾಲನ್ ಅಂತಲೇ ಇಟ್ಟುಕೊಳ್ಳಿ. ನಾಲ್ಕು ದಿನಕ್ಕೆ ಒಂದರಲ್ಲಿ 12, ಇನ್ನೊಂದರಲ್ಲಿ 48. ಅಷ್ಟು ಪೆಟ್ರೋಲನ್ನು ಎಲ್ಲಿಡುತ್ತೀರಿ? ಬಂಕಿನ ಪಂಪಿಗೂ ಕರೆಂಟೇ ಬೇಕಲ್ವಾ. ಬಿರುಗಾಳಿಯ ಮಾರನೇ ದಿನ ತೆರೆದಿರುವ ಬಂಕುಗಳು ಕಡಿಮೆ, ಸಾಲು ಉದ್ದ, ಕಾರ್ಡ್ ಮೆಷೀನ್ ನಡೆಯದಿದ್ದರೆ ನಗದು ಬೇಕು. ಕಾರಿನ ಟ್ಯಾಂಕಿನಿಂದ ಪೈಪ್ ಹಾಕಿ ಎಳೆದುಕೊಳ್ಳೋಣ ಎಂದರೆ ಈಗಿನ ಬಹುತೇಕ ಕಾರುಗಳಲ್ಲಿ ಅದು ಆಗುವುದಿಲ್ಲ.

ತುಂಬಿಸಬೇಕಾದದ್ದು ಸಾಮಾನ್ಯ 87 ಆಕ್ಟೇನ್. ಶೇ. 10ರವರೆಗೆ ಎಥನಾಲ್ ಇದ್ದರೆ ಪರವಾಗಿಲ್ಲ, ಎಥನಾಲ್ ಅದಕ್ಕಿಂತ ಜಾಸ್ತಿ ಇರುವ ಇ15, ಇ85 ಬೇಡ. ಕೆಂಪು ಕ್ಯಾನುಗಳೇ ಬೇಕು (ಹಳದಿ ಡೀಸೆಲ್‌ಗೆ, ನೀಲಿ ಸೀಮೆಎಣ್ಣೆಗೆ). ಕ್ಯಾನನ್ನು ಕಾರಿನ ಡಿಕ್ಕಿಯಲ್ಲಿಟ್ಟು ತುಂಬಬೇಡಿ. ನೆಲಕ್ಕೆ ಇಳಿಸಿ ತುಂಬಿ, ಮೇಲೆ ಸ್ವಲ್ಪ ಜಾಗ ಬಿಡಿ. ಮನೆಗೆ ಅಂಟಿದ ಗ್ಯಾರೇಜಿನಲ್ಲಿ ಗ್ಯಾಸ್ ವಾಟರ್ ಹೀಟರ್ ಉರಿಯುತ್ತಿದ್ದರೆ ಕ್ಯಾನನ್ನು ಅಲ್ಲಿ ಇಡಬೇಡಿ, ಹಿತ್ತಲಿನ ಶೆಡ್ಡೇ ವಾಸಿ. ಓಡುತ್ತಿರುವ ಅಥವಾ ಬಿಸಿ ಇರುವ ಎಂಜಿನ್‌ಗೆ ಪೆಟ್ರೋಲ್ ಸುರಿಯಬೇಡಿ. ಆಫ್ ಮಾಡಿ, ಆರಲು ಬಿಡಿ, ಆಮೇಲೆ ಸುರಿಯಿರಿ.

ಪೆಟ್ರೋಲ್ ಇಡುವ ರಗಳೆಯೇ ಬೇಡ ಅನ್ನುವವರಿಗೆ ಪೆಟ್ರೋಲಿನಲ್ಲೂ ಪ್ರೊಪೇನ್ ಗ್ಯಾಸಿನಲ್ಲೂ ಓಡುವ ಡ್ಯುಯಲ್ ಫ್ಯೂಯಲ್ ಮಾದರಿಗಳಿವೆ. ಬಾರ್ಬೆಕ್ಯೂ ಗ್ರಿಲ್‌ಗೆ ಹಾಕುವ 20 ಪೌಂಡಿನ ಪ್ರೊಪೇನ್ ಸಿಲಿಂಡರ್ ಇದಕ್ಕೂ ಆಗುತ್ತದೆ. ಪ್ರೊಪೇನ್ ಹಳಸುವುದಿಲ್ಲ, ಅದೇ ದೊಡ್ಡ ಅನುಕೂಲ. ಕೊಡುವ ವ್ಯಾಟ್ ಮಾತ್ರ ಸ್ವಲ್ಪ ಕಡಿಮೆ. ಸಿಲಿಂಡರನ್ನು ಗ್ಯಾರೇಜಿನಲ್ಲೂ ಇಡಬಾರದು, ಹೊರಗೇ ಇರಬೇಕು. ಪೈಪ್ ಗ್ಯಾಸಿನ ಸ್ಟ್ಯಾಂಡ್‌ಬೈ ಜನರೇಟರ್ ಇಡೀ ಮನೆಯನ್ನು ತಾನೇ ನಡೆಸುತ್ತದೆ, ಆದರೆ ಪರ್ಮಿಟ್ಟು, ಎಚ್‌ಒಎ (ಬಡಾವಣೆಯ ಮನೆಮಾಲೀಕರ ಸಂಘ) ಒಪ್ಪಿಗೆ, ಜೊತೆಗೆ ಹತ್ತು ಸಾವಿರ ಡಾಲರ್ ಮುಟ್ಟುವ ಖರ್ಚು. ಮನೆ ಕೊಂಡು ನೆಲೆಯಾದ ಮೇಲೆ ನೋಡಿ.

ಹೊಗೆ ಮತ್ತು ವೈರು

ಜನರೇಟರ್ ಹೊಗೆಯ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 100 ಜನ ಇದರಿಂದ ಸಾಯುತ್ತಾರೆ. ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದಿಟ್ಟರೂ ಒಳಗೆ ಓಡಿಸಬೇಡಿ. ಮನೆಯಿಂದ ಕನಿಷ್ಠ 20 ಅಡಿ ದೂರ ಇರಲಿ, ಹೊಗೆ ಕೊಳವೆ ಮನೆಗೆ ಬೆನ್ನು ಹಾಕಿರಲಿ, ಆ ಕಡೆಯ ಕಿಟಕಿ ಮುಚ್ಚಿರಲಿ. ಮಳೆ ಬರುತ್ತಿದೆಯೆಂದು ಪ್ಯಾಟಿಯೋ ಸೂರಿನ ಕೆಳಗೆ ಎಳೆಯುವುದು ಎಲ್ಲರೂ ಮಾಡುವ ತಪ್ಪು. ಜನರೇಟರಿಗೆಂದೇ ಮಾಡಿದ ಕೊಡೆಯಂಥ ಕವರ್ ಸಿಗುತ್ತದೆ, ಅದನ್ನು ಹಾಕಿ. ಬ್ಯಾಟರಿಯಿಂದ ನಡೆಯುವ ಸಿಒ (ಕಾರ್ಬನ್ ಮಾನಾಕ್ಸೈಡ್) ಅಲಾರಂ ಮಲಗುವ ರೂಮಿನ ಹತ್ತಿರ ಇರಲೇಬೇಕು. ತಲೆನೋವು, ವಾಕರಿಕೆ ಬಂದರೆ ಎಲ್ಲರೂ ಹೊರಗೆ ಬಂದು 911ಕ್ಕೆ ಫೋನ್ ಮಾಡಿ.

ಎರಡೂ ತುದಿಗೆ ಪ್ಲಗ್ ಇರುವ ವೈರ್ ಮಾಡಿಸಿ ಗೋಡೆಯ ಸಾಕೆಟ್ಟಿಗೆ ಚುಚ್ಚಿದರೆ ಇಡೀ ಮನೆಗೆ ಬರುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಕೇಳಬೇಡಿ. ಆ ಕರೆಂಟ್ ಟ್ರಾನ್ಸ್‌ಫಾರ್ಮರ್ ಮೂಲಕ ಹಿಂದಕ್ಕೆ ಹರಿದು ಬೀದಿಯಲ್ಲಿ ತಂತಿ ರಿಪೇರಿ ಮಾಡುತ್ತಿರುವ ಲೈನ್‌ಮನ್‌ನನ್ನು ಕೊಲ್ಲಬಹುದು. ಜನರೇಟರಿನಿಂದ ನೇರವಾಗಿ ಫ್ರಿಜ್, ಎಸಿಗೆ ಎಳೆಯಲು ಹೊರಗೆ ಬಳಸುವ 12 ಗೇಜ್ (ವೈರಿನ ದಪ್ಪದ ಅಳತೆ) ಎಕ್ಸ್‌ಟೆನ್ಷನ್ ಕಾರ್ಡ್ ಸಾಕು. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಗ್ಯಾಸ್ ಫರ್ನೇಸಿನ ಬ್ಲೋವರ್ (ಗಾಳಿ ತಳ್ಳುವ ಫ್ಯಾನು) ಓಡಬೇಕೆಂದರೆ ಅದಕ್ಕೆ ಸಾಮಾನ್ಯವಾಗಿ ಪ್ಲಗ್ ಇರುವುದಿಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ, ಪ್ಯಾನೆಲ್‌ಗೆ ಇಂಟರ್‌ಲಾಕ್ (ಬೀದಿಯ ಕರೆಂಟೂ ಜನರೇಟರೂ ಒಟ್ಟಿಗೆ ಆನ್ ಆಗದಂತೆ ತಡೆಯುವ ಸಾಧನ) ಹಾಕಿಸಿ.

ಯಾವಾಗ ಕೊಳ್ಳುವುದು

ಏಪ್ರಿಲ್ ಕೊನೆಯ ವಾರಾಂತ್ಯದ ಹೊತ್ತಿಗೆ ಟೆಕ್ಸಸ್ ತುರ್ತು ಸಾಮಾನುಗಳಿಗೆ ಸೇಲ್ಸ್ ಟ್ಯಾಕ್ಸ್ ಬಿಡುತ್ತದೆ. 3000 ಡಾಲರ್‌ಗಿಂತ ಕಡಿಮೆಯ ಪೋರ್ಟಬಲ್ ಜನರೇಟರ್ ಅದರಲ್ಲಿ ಬರುತ್ತದೆ. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30, ಹಾಗಾಗಿ ಸಮಯವೂ ಸರಿಹೊಂದುತ್ತದೆ. ಹೊಸ ಮೆಷೀನಿನಲ್ಲಿ ಸಾಮಾನ್ಯವಾಗಿ ಎಂಜಿನ್ ಆಯಿಲ್ ಹಾಕಿರುವುದಿಲ್ಲ, ಹಾಕದೆ ಹಗ್ಗ ಎಳೆಯಬೇಡಿ. ತಿಂಗಳಿಗೊಮ್ಮೆ ಹದಿನೈದು ಇಪ್ಪತ್ತು ನಿಮಿಷ ಫ್ಯಾನೋ ದೀಪವೋ ಸಿಕ್ಕಿಸಿ ಓಡಿಸಿ. ಪೆಟ್ರೋಲ್ ತಂದ ದಿನವೇ ಅದು ಬೇಗ ಹಳಸದಂತೆ ತಡೆಯುವ ಸ್ಟೆಬಿಲೈಸರ್ ದ್ರವ ಬೆರೆಸಿ, ಕ್ಯಾನಿನ ಮೇಲೆ ತಾರೀಕು ಬರೆದಿಡಿ. ಚಂಡಮಾರುತದ ಕಾಲ ಮುಗಿದ ಮೇಲೆ ಉಳಿದದ್ದನ್ನು ಕಾರಿಗೆ ಸುರಿದುಕೊಂಡು, ಮೇ ಕೊನೆಗೆ ಹೊಸದು ತುಂಬಿಸಿ.